ಬಸ್ಸಿನಲ್ಲಿ ಬರುತ್ತಿದ್ದ ಬಾಯಿಗಳು

ಎಂಬತ್ತರ ದಶಕದ ಕೊನೆಯಲ್ಲಿ ಹರಪನಹಳ್ಳಿಯಿಂದ ದಾವಣಗೆರೆಗೆ ಬರುವ ಮಧ್ಯಾಹ್ನದ ಬಸ್ಸಿನಲ್ಲಿ, ಕಂಡಕ್ಟರ್ ಸೀಟಿನ ಕೆಳಗೆ ಆಗಾಗ ಒಂದು ಚಪ್ಪಲಿ ಡಬ್ಬ ಇರುತ್ತಿತ್ತು. ಸುತ್ತ ಸೆಣಬಿನ ದಾರ, ಮೇಲೆ ನಮ್ಮ ಲ್ಯಾಬಿನ ಹೆಸರು. ಒಳಗೆ ಹತ್ತಿಯಲ್ಲಿ ಸುತ್ತಿದ ಪ್ಲಾಸ್ಟರಿನ ಬಾಯಿ, ಜೊತೆಗೆ ಡಾಕ್ಟರ ಚೀಟಿ: ಮೇಲಿನ ಸೆಟ್, ಶೇಡ್ ಇಂಥದ್ದು, ಸೋಮವಾರ ಟ್ರಯಲ್. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗ. ಬಸ್ ಸ್ಟ್ಯಾಂಡಿಗೆ ಹೋಗಿ ಡಬ್ಬ ತರುವುದೇ ನಾನು ಕಲಿತ ಮೊದಲ ದಂತವಿಜ್ಞಾನ.

ಬಾಪೂಜಿ ದಂತ ವೈದ್ಯಕೀಯ ಕಾಲೇಜು 1979ರಲ್ಲಿ ಶುರುವಾದ ಮೇಲೆ ಸುತ್ತಲ ತಾಲ್ಲೂಕುಗಳಲ್ಲೂ ಹಲ್ಲಿನ ಡಾಕ್ಟರ ಬೋರ್ಡುಗಳು ಕಾಣತೊಡಗಿದ್ದವು. ಅವರ ಬೆನ್ನಿಗೆ ನಮ್ಮಂಥ ಲ್ಯಾಬುಗಳು. 1948ರ ದಂತವೈದ್ಯರ ಕಾಯ್ದೆ ನಮಗೆ ಕೊಟ್ಟ ಹೆಸರು ಡೆಂಟಲ್ ಮೆಕ್ಯಾನಿಕ್. ಊರಿನವರ ಬಾಯಲ್ಲಿ 'ಹಲ್ಲು ಮಾಡೋನು'. ರೋಗಿ ನಮ್ಮ ಮುಖ ನೋಡುವುದಿಲ್ಲ, ನಾವು ಅವರ ಬಾಯಿ ಬಿಟ್ಟು ಬೇರೇನೂ ನೋಡುವುದಿಲ್ಲ.

ಅಳತೆ ಬಸ್ಸಿನಲ್ಲಿ ಬರುವುದರಲ್ಲೇ ಅರ್ಧ ಕಷ್ಟ ಇತ್ತು. ಅಳತೆ ತೆಗೆಯುವ ಆಲ್ಜಿನೇಟ್ ಕಡಲ ಪಾಚಿಯಿಂದ ಸಿಗುವ ಪುಡಿ. ನೀರಲ್ಲಿ ಕಲಸಿ, ಟ್ರೇಗೆ ತುಂಬಿ ಬಾಯಿಗಿಟ್ಟರೆ ಕೆಲವೇ ನಿಮಿಷಗಳಲ್ಲಿ ರಬ್ಬರಿನ ಹದಕ್ಕೆ ಬರುತ್ತದೆ. ಆದರೆ ಅದರ ಬಹುಪಾಲು ನೀರೇ. ಗಾಳಿಗಿಟ್ಟರೆ ಒಣಗಿ ಕುಗ್ಗುತ್ತದೆ, ನೀರಲ್ಲಿಟ್ಟರೆ ಕುಡಿದು ಉಬ್ಬುತ್ತದೆ. ಅದಕ್ಕೇ ಡಾಕ್ಟರು ಅಲ್ಲೇ, ತಡಮಾಡದೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆದು ಕಳಿಸಬೇಕು. ದಾರಿಯ ಗುಂಡಿಗಳಲ್ಲಿ ಕುಲುಕಿ ಅಚ್ಚಿನ ಮುಂದಿನ ಹಲ್ಲು ಮುರಿಯಿತೋ, ರೋಗಿ ಇನ್ನೊಂದು ದಿನದ ಕೂಲಿ ಬಿಟ್ಟು ಮತ್ತೆ ಬಾಯಿ ತೆರೆಯಬೇಕು.

ಹಲ್ಲಿನ ಸೆಟ್ ಮಾಡುವ ಕೆಲಸ ಹೆಚ್ಚುಕಮ್ಮಿ ಅಡುಗೆಯೇ. ಅಚ್ಚಿನ ಮೇಲೆ ಗುಲಾಬಿ ಮೇಣ ಕೂರಿಸಿ, ಸ್ಪಿರಿಟ್ ದೀಪದಲ್ಲಿ ಚಾಕು ಕಾಯಿಸಿ, ಒಂದೊಂದೇ ಹಲ್ಲು ಜೋಡಿಸುತ್ತಿದ್ದೆವು. ಟ್ರಯಲ್ ಸರಿಬಂದ ಮೇಲೆ ಅದನ್ನು ಹಿತ್ತಾಳೆಯ ಫ್ಲಾಸ್ಕಿನಲ್ಲಿ ಪ್ಲಾಸ್ಟರಿನೊಳಗೆ ಹುಗಿದು, ಬಿಸಿನೀರಲ್ಲಿ ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಅಕ್ರಿಲಿಕ್ ಕಣಕ ತುಂಬಿ ಬಿಗಿಯಬೇಕು. ಆಮೇಲೆ ರಾತ್ರಿಯಿಡೀ ಸುಮಾರು 74 ಡಿಗ್ರಿ ಬಿಸಿನೀರಿನಲ್ಲಿ ಬೇಯಬೇಕು. ಅವಸರಪಟ್ಟು ನೀರು ಕುದಿಸಿದರೆ ಅಕ್ರಿಲಿಕ್ಕಿನ ದ್ರವವೂ ಒಳಗೇ ಕುದ್ದು, ದಪ್ಪ ಭಾಗದಲ್ಲಿ ಗುಳ್ಳೆ ಏಳುತ್ತದೆ. ಅಂಥ ಸೆಟ್ಟು ಜೋಳದ ರೊಟ್ಟಿಗೆ ತಡೆಯುವುದಿಲ್ಲ. ಆ ದ್ರವದ ವಾಸನೆ ಅಂಗಿ ಬಿಚ್ಚಿದರೂ ಹೋಗುತ್ತಿರಲಿಲ್ಲ. ಮನೆಯಲ್ಲಿ ನನ್ನ ತಟ್ಟೆಯನ್ನು ಸ್ವಲ್ಪ ದೂರವೇ ಇಡುತ್ತಿದ್ದರು.

ಮೆಟಲ್ ಕ್ಯಾಪಿನ ಕೆಲಸ ಇನ್ನೂ ಒರಟು. ಮೇಣದಲ್ಲಿ ಹಲ್ಲು ಕೆತ್ತಿ, ಅದರ ಸುತ್ತ ಬೆಂಕಿಗೆ ತಡೆಯುವ ಗಾರೆ ಸುರಿದು, ಕುಲುಮೆಯಲ್ಲಿ ಮೇಣ ಸುಟ್ಟುಹೋದ ಮೇಲೆ ಆ ಪೊಳ್ಳಿಗೆ ಕರಗಿದ ನಿಕಲ್-ಕ್ರೋಮಿಯಂ ನುಗ್ಗಿಸಬೇಕು. ಗಾರೆ ಸುರಿಯುವ ರಿಂಗಿನ ಒಳಮೈಗೆ ಒಂದು ಬಿಳಿ ಪಟ್ಟಿ ಸುತ್ತುತ್ತಿದ್ದೆವು. ಅದು ಕಲ್ನಾರು. ಕೈಯಲ್ಲೇ ಹರಿದು, ಬಾಯಲ್ಲಿ ಹಾಡು ಗುನುಗುತ್ತಾ ಸುತ್ತುತ್ತಿದ್ದೆವು. ಲೋಹ ತಿಕ್ಕುವ ದೂಳಿಗೆ ಕಟ್ಟಿಕೊಳ್ಳಲು ಇದ್ದದ್ದು ಹೆಗಲ ಮೇಲಿನ ಟವೆಲ್ಲು. ಹಳೆಯ ಕಾಲದ ಕೈಕೆಲಸದ ಬಗ್ಗೆ ಯಾರಾದರೂ ಭಾವುಕರಾಗಿ ಮಾತಾಡಿದರೆ ನನಗೆ ಮೊದಲು ಆ ದೂಳು ನೆನಪಾಗುತ್ತದೆ. ಅದು ಹೋದದ್ದಕ್ಕೆ ನನಗೆ ಎಳ್ಳಷ್ಟೂ ದುಃಖವಿಲ್ಲ.

ತಮಾಷೆಯೆಂದರೆ, ನಾನು ಬಸ್ ಸ್ಟ್ಯಾಂಡಿಗೆ ಓಡಾಡುತ್ತಿದ್ದ ಕಾಲಕ್ಕಾಗಲೇ ಇಂಥ ಕೆಲಸಕ್ಕೂ ಯಂತ್ರ ಬಂದಾಗಿತ್ತು. ಹಲ್ಲನ್ನು ಬೆಳಕಿನಿಂದ ಅಳೆದು ಕಂಪ್ಯೂಟರಿನಿಂದ ಕೊರೆಯಬಹುದು ಎಂದು ಫ್ರಾನ್ಸಿನ ಫ್ರಾಂಸ್ವಾ ಡ್ಯುರೆ ಎಪ್ಪತ್ತರ ದಶಕದಲ್ಲೇ ಹೇಳಿದ್ದರು. ಜ್ಯೂರಿಕ್ಕಿನಲ್ಲಿ ವರ್ನರ್ ಮ್ಯೋರ್ಮನ್ ಎಂಬ ದಂತವೈದ್ಯರು, ಮಾರ್ಕೊ ಬ್ರಾಂಡೆಸ್ಟಿನಿ ಎಂಬ ಎಂಜಿನಿಯರ್ ಜೊತೆ ಸೇರಿ ಕಟ್ಟಿದ ಸೆರೆಕ್ ಯಂತ್ರದಿಂದ 1985ರಲ್ಲಿ ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿಕೊಂಡೇ ಹಲ್ಲಿನ ಗುಳಿಗೆ ಪಿಂಗಾಣಿ ತುಂಡು ಕೊರೆದು ಕೂರಿಸಿದ್ದರು. ನಮ್ಮ ಬೀದಿಗೆ ಅದು ಬರುವಷ್ಟರಲ್ಲಿ ನನ್ನ ತಲೆಗೂದಲು ನೆರೆಯತೊಡಗಿತ್ತು.

ಬಂದದ್ದು ಜಿರ್ಕೋನಿಯಾ ಜೊತೆಯಲ್ಲಿ. ಅಂಗೈಯಗಲದ ಬಿಳಿ ಬಿಲ್ಲೆ, ಮುಟ್ಟಿದರೆ ಸೀಮೆಸುಣ್ಣ. ಯಂತ್ರ ಅದರಿಂದ ಕ್ಯಾಪನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆಯುತ್ತದೆ. ಆಮೇಲೆ ಸುಮಾರು 1500 ಡಿಗ್ರಿ ಕುಲುಮೆಯಲ್ಲಿ ಗಂಟೆಗಟ್ಟಲೆ ಇಟ್ಟರೆ ಪ್ರತಿ ಕಡೆಯಿಂದಲೂ ಶೇಕಡ 20ರ ಆಸುಪಾಸು ಕುಗ್ಗಿ, ಸುತ್ತಿಗೆಗೂ ಸುಲಭಕ್ಕೆ ಬಗ್ಗದಷ್ಟು ಗಟ್ಟಿಯಾಗಿ ಹೊರಬರುತ್ತದೆ. ಆಲ್ಜಿನೇಟ್ ಕುಗ್ಗಿದರೆ ಇಡೀ ಕೆಲಸ ಹಾಳು ಎಂದು ಬೈಸಿಕೊಂಡು ಬೆಳೆದವರು ನಾವು. ಇಲ್ಲಿ ಕುಗ್ಗುವುದನ್ನೇ ಮೊದಲೇ ಲೆಕ್ಕ ಹಾಕಿ ಕೊರೆದಿದ್ದರು! ಮೊದಲ ಕ್ಯಾಪು ಅಚ್ಚಿನ ಮೇಲೆ ಟಕ್ ಎಂದು ಕೂತಾಗ ನಮ್ಮ ಯಜಮಾನರು ಭೂತಗನ್ನಡಿ ಹಿಡಿದು ಅಂಚಿನ ಸುತ್ತ ಸಂದು ಹುಡುಕಿದರು. ಸಿಗಲಿಲ್ಲ. ಏನೂ ಹೇಳದೆ ಹೋಗಿ ಚಹಾ ತರಿಸಿದರು.

ಡಾಕ್ಟರುಗಳು ಬಾಯೊಳಗಿನ ಸ್ಕ್ಯಾನರ್ ಕೊಂಡ ಮೇಲೆ ಚಪ್ಪಲಿ ಡಬ್ಬವೂ ಅಪರೂಪವಾಯಿತು. ಹೊಸಪೇಟೆಯ ಬಾಯಿ ಈಗ ಫೈಲಾಗಿ ಬರುತ್ತದೆ, ನಿಮಿಷಗಳಲ್ಲಿ. ಅಚ್ಚು ಬೇಕಾದರೆ ಪ್ರಿಂಟರ್ ರಾಳವನ್ನು ಪದರ ಪದರವಾಗಿ ಗಟ್ಟಿಮಾಡುತ್ತಾ ಎಬ್ಬಿಸುತ್ತದೆ. ಇದರಿಂದ ನಿಜಕ್ಕೂ ಉಪಕಾರವಾದದ್ದು ಯಾರಿಗೆ ಎಂದು ಕೇಳಿದರೆ ನಾನು ಗುಟ್ಕಾ ತಿಂದು ಬಾಯಿ ಬಿಗಿದುಕೊಂಡವರನ್ನು ಹೆಸರಿಸುತ್ತೇನೆ. ಚನ್ನಗಿರಿ ಅಡಿಕೆಯ ಸೀಮೆ ನಮ್ಮ ಪಕ್ಕದಲ್ಲೇ ಇದೆ. ಅಡಿಕೆ, ಗುಟ್ಕಾ ಸತತ ಅಗಿದು ಕೆನ್ನೆಯ ಒಳಪದರ ನಾರುಗಟ್ಟಿ, ಎರಡು ಬೆರಳೂ ಹೋಗದ ಬಾಯಿಗಳು ಇಲ್ಲಿ ಅಪರೂಪವಲ್ಲ. ಅಂಥವರಿಗೆ ಟ್ರೇಯನ್ನೇ ಎರಡು ತುಂಡು ಮಾಡಿ ಕೊಡುತ್ತಿದ್ದೆವು, ಡಾಕ್ಟರು ಒಂದೊಂದೇ ಒಳಗೆ ತೂರಿಸಿ ಹೊರಗೆ ಜೋಡಿಸುತ್ತಿದ್ದರು. ಟ್ರೇ ಹೋಗದ ಕೆಲವು ಬಾಯಿಗೆ ಸ್ಕ್ಯಾನರಿನ ಮೂತಿ ಹೋಗುತ್ತದೆ. ಎಲ್ಲಕ್ಕೂ ಅಲ್ಲ.

ಸ್ಕ್ಯಾನರಿಗೆ ಕಂಡದ್ದು ಮಾತ್ರ ಗೊತ್ತು. ಒಸಡಿನ ಕೆಳಗೆ ರಕ್ತ ನಿಂತಿದ್ದರೆ ಹಲ್ಲಿನ ಅಂಚು ಅದಕ್ಕೆ ಕಾಣುವುದಿಲ್ಲ. ಡಾಕ್ಟರು ಹಳೆಯ ಹಾಗೆಯೇ ಒಸಡಿನ ಸಂದಿಗೆ ದಾರ ತುರುಕಿ ಜಾಗ ಮಾಡಬೇಕು. ಒಂದೂ ಹಲ್ಲಿಲ್ಲದ ಬಾಯಿಯಲ್ಲಂತೂ ಅದರ ಜಾಣತನ ಅರ್ಧಕ್ಕೆ ಬರುತ್ತದೆ. ಪೂರ್ತಿ ಸೆಟ್ ನಿಲ್ಲುವುದು ಮೂಳೆಯ ದಿಣ್ಣೆಯ ಮೇಲಷ್ಟೇ ಅಲ್ಲ. ಮಾತಾಡುವಾಗ, ನುಂಗುವಾಗ ಕೆನ್ನೆ, ತುಟಿ, ನಾಲಗೆ ಎಲ್ಲಿಯವರೆಗೆ ಎಳೆಯುತ್ತವೆ ಎಂಬುದೂ ಗೊತ್ತಾಗಬೇಕು. ಅದನ್ನು ತಿಳಿಯಲು ಡಾಕ್ಟರು ಬಿಸಿ ಕಾಂಪೌಂಡನ್ನು ಟ್ರೇ ಅಂಚಿಗೆ ಹಚ್ಚಿ, ರೋಗಿಯ ಕೆನ್ನೆಯನ್ನು ಆಡಿಸಿ ಅಚ್ಚು ಪಡೆಯುತ್ತಾರೆ. ಸ್ಕ್ಯಾನರ್ ಹಿಡಿಯುವುದು ಸುಮ್ಮನೆ ಕೂತ ಮಾಂಸವನ್ನು. ಅದಕ್ಕೇ ನಮ್ಮಲ್ಲಿ ಪೂರ್ತಿ ಸೆಟ್ಟಿನ ಅಳತೆ ಈಗಲೂ ಹೆಚ್ಚಾಗಿ ಟ್ರೇಯಲ್ಲೇ ಬರುತ್ತದೆ.

ಬಣ್ಣದ ಕಥೆ ಬೇರೆ. ಪಾವಗಡದ ಕಡೆಯ ಬೋರ್‌ವೆಲ್ ನೀರು ಕುಡಿದು ಬೆಳೆದವರ ಹಲ್ಲಿನಲ್ಲಿ ಫ್ಲೋರೈಡಿನ ಕಂದು ಗೆರೆ, ಸುಣ್ಣದ ಚುಕ್ಕೆ. ಶೇಡ್ ಗೈಡಿನ ಯಾವ ಕಡ್ಡಿಗೂ ಅದು ಹೊಂದುವುದಿಲ್ಲ. ನಾವು ಪಿಂಗಾಣಿಯ ಮೇಲೆ ಕೂದಲೆಳೆಯ ಬ್ರಷ್ಷಿನಿಂದ ಕಲೆ ಬರೆಯುತ್ತಿದ್ದೆವು, ಈಗಲೂ ಬರೆಯುತ್ತೇವೆ. ಹರಿಹರದಿಂದ ಬರುವ ಹುಡುಗಿಯೊಬ್ಬಳು ನಮ್ಮಲ್ಲಿ ಡಿಸೈನ್ ಮಾಡುತ್ತಾಳೆ. ಈಗಿನ ಸಾಫ್ಟ್‌ವೇರ್ ತಾನೇ ಒಂದು ಹಲ್ಲು ಸೂಚಿಸುತ್ತದೆ. ಇವಳು ಮೌಸಿನಲ್ಲಿ ಅದರ ಏಣು ತಗ್ಗಿಸುತ್ತಾಳೆ. ಒಮ್ಮೆ ಕರೆದಳು: "ಸರ್, ಇದು ಕೊಟ್ಟಿರೋ ಹಲ್ಲು ಭಾಳ ಚೆನ್ನಾಗೈತೆ. ಆದ್ರೆ ಅಜ್ಜಿದು ಪಕ್ಕದ ಹಲ್ಲೆಲ್ಲ ಸವೆದು ಚಪ್ಪಟೆ ಆಗ್ಯಾವೆ. ಇದೊಂದೇ ಮದುವೆ ಹೆಣ್ಣಿನ ಥರ ಕಾಣ್ತೈತೆ." ಹಲ್ಲನ್ನು ಸವೆಸಲು ಹೇಳಿದೆ. ಅವಳು ಮೇಣದ ಚಾಕು ಹಿಡಿದವಳಲ್ಲ. ಆದರೆ ನಾನು ಬೆರಳಲ್ಲಿ ಕಲಿತದ್ದನ್ನು ಅವಳು ಕಣ್ಣಲ್ಲೇ ಕಲಿತಿದ್ದಾಳೆ. ಇದು ಆಗುವ ಮಾತಲ್ಲ ಎಂದು ವಾದಿಸುತ್ತಿದ್ದವರಲ್ಲಿ ನಮ್ಮ ಯಜಮಾನರೇ ಮೊದಲಿಗರು.

ಟೈಟಾನಿಯಂ ಮೂಳೆಯೊಂದಿಗೆ ಬೆಸೆದುಕೊಳ್ಳುತ್ತದೆ ಎಂದು ಸ್ವೀಡನ್ನಿನ ಬ್ರೋನೆಮಾರ್ಕ್ ಕಂಡುಕೊಂಡು, 1965ರಲ್ಲಿ ಮೊದಲ ರೋಗಿಗೆ ಹಾಕಿದ್ದ ಇಂಪ್ಲಾಂಟ್ ಈಗ ನಮ್ಮೂರಲ್ಲೂ ಸಾಮಾನ್ಯ. ಸ್ಕ್ರೂ ಎಲ್ಲಿ, ಯಾವ ಕೋನದಲ್ಲಿ ಇಳಿಯಬೇಕೆಂದು ತೋರಿಸುವ ಗೈಡನ್ನು ನಾವೇ ಪ್ರಿಂಟ್ ಮಾಡಿ ಕೊಡುತ್ತೇವೆ. 2024ರಲ್ಲಿ ಕ್ಯೋಟೊ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಹಲ್ಲು ಬೆಳೆಸುವ ಔಷಧಿಯ ಪರೀಕ್ಷೆಯನ್ನು ಮನುಷ್ಯರ ಮೇಲೆ ಶುರುಮಾಡಿದ ಸುದ್ದಿ ಬಂತು. ಯುಸಾಗ್-1 ಎಂಬ, ಹಲ್ಲಿನ ಬೆಳವಣಿಗೆಗೆ ಅಡ್ಡಗಾಲಾದ ಪ್ರೋಟೀನನ್ನು ತಡೆಯುವ ಮದ್ದು ಅದು. ಇಲಿ, ಫೆರೆಟ್‌ಗಳಲ್ಲಿ ಹಲ್ಲು ಬಂದಿದೆ. ಮನುಷ್ಯರಲ್ಲಿ ಮೊದಲು ನೋಡಹೊರಟದ್ದು ಅದು ಸುರಕ್ಷಿತವೇ ಎಂದು. ಹುಟ್ಟಿನಿಂದಲೇ ಹಲ್ಲು ಬಾರದವರಿಗಾಗಿ ಹೊರಟ ಸಂಶೋಧನೆ. ಫೋನಿನಲ್ಲಿ ಅದನ್ನು ಓದಿದ ನಮ್ಮ ಹುಡುಗರು, "ಲ್ಯಾಬ್ ಬಾಗಿಲಿಗೆ ಬೀಗ ತಂದಿಡ್ರಿ" ಎಂದು ನಕ್ಕರು.

ನನ್ನ ಚಿಂತೆ ಕ್ಯೋಟೊ ಅಲ್ಲ. ಪೂರ್ತಿ ಸೆಟ್ ಕೈಯಲ್ಲಿ ಜೋಡಿಸಲು ಕಲಿಯುವವರು ಸಿಗುತ್ತಿಲ್ಲ. ಇರುವ ಇಬ್ಬರೂ ಪರದೆಯ ಮುಂದೆ ಕೂರಲು ಕಾಯುತ್ತಿದ್ದಾರೆ, ಸಂಬಳ ಅಲ್ಲಿ ಹೆಚ್ಚು. ಜಿರ್ಕೋನಿಯಾ ಕ್ಯಾಪಿಗೆ ಡಾಕ್ಟರು ಚೌಕಾಸಿಯಿಲ್ಲದೆ ಕೊಡುತ್ತಾರೆ. ಹದಿನಾಲ್ಕು ಮೇಲೆ, ಹದಿನಾಲ್ಕು ಕೆಳಗೆ, ಇಪ್ಪತ್ತೆಂಟು ಹಲ್ಲು ಕೂರಿಸುವ ಸೆಟ್ಟಿಗೆ ಮಾತ್ರ ಪ್ರತಿ ಸಲವೂ, "ಪಾಪ, ವಯಸ್ಸಾದವರು, ಸ್ವಲ್ಪ ನೋಡಿ ಹಾಕ್ರಿ" ಎನ್ನುತ್ತಾರೆ. ನೋಡಿಯೇ ಹಾಕುತ್ತೇನೆ. ಹುಡುಗರ ಸಂಬಳವನ್ನೂ ಅದರಲ್ಲೇ ತೆಗೆಯಬೇಕು.