ಹೈಬ್ರಿಡ್ಡಿನ ನೆಂಟಸ್ತಿಕೆ

ನಮ್ಮತ್ತೆಗೆ ಹೈಬ್ರಿಡ್ ಅಂದರೆ ತಾತ್ಸಾರ. ಟೊಮೇಟೊ ಹುಳಿಯಿಲ್ಲದಿದ್ದರೆ ಹೈಬ್ರಿಡ್ಡು, ಕೋಳಿ ಸಾರು ರುಚಿಸದಿದ್ದರೆ ಹೈಬ್ರಿಡ್ಡು. ಜಗಲಿಯ ತೊಲೆಗೆ ನಾನು ಗೇಣುದ್ದದ ಆರ್ಕಿಡ್ ಕುಂಡಗಳನ್ನು ನೇತುಹಾಕತೊಡಗಿದಾಗ ಕನ್ನಡಕ ಏರಿಸಿ ನೋಡಿದರು. “ಇದೆಂಥ ಮಾರಾಯ್ತಿ, ವಾಸನೆ ಇಲ್ಲ, ಮುಡಿಯಕ್ಕೂ ಆಗಲ್ಲ. ಸೀತಾಳೆ ದಂಡೆ ಮುಂದೆ ಇದೊಂದು ಹೂವಾ?”

ಸೀತಾಳೆಯೂ ಆರ್ಕಿಡ್ಡೇ, ಆದರೆ ಅದರ ವಿಷಯದಲ್ಲಿ ಅವರೊಡನೆ ವಾದಕ್ಕಿಳಿಯುವಂತಿಲ್ಲ. ಮುಂಗಾರು ಹಿಡಿಯುವ ಹೊತ್ತಿಗೆ ಮೂಡಿಗೆರೆ, ಕಳಸದ ಕಡೆ ಹಲಸಿನ ಕೊಂಬೆಗಳಿಂದ ಗುಲಾಬಿ ಚುಕ್ಕೆಯ ಬಿಳಿ ಗೊಂಚಲು ಇಳಿಬಿದ್ದಿರುತ್ತದೆ. ಕಟ್ಟುವ ಕೆಲಸವೂ ಇಲ್ಲ, ಕಿತ್ತು ಹಾಗೇ ಮುಡಿಗೇರಿಸಬಹುದು. ಅಸ್ಸಾಮಿನಲ್ಲಿ ಇದೇ ಹೂವನ್ನು ಬಿಹು ಕುಣಿಯುವ ಹುಡುಗಿಯರು ಮುಡಿಯುತ್ತಾರೆ, ಅದು ಆ ರಾಜ್ಯದ ಹೂವೂ ಹೌದು. ನಮ್ಮಲ್ಲಿ ಮಾತ್ರ ಮರಗಸಿ ಮಾಡುವಾಗ ಕೆಲವರು ಬದನಿಕೆಯೆಂದು ಕೆರೆದು ಎಸೆಯುತ್ತಾರೆ. ಪಾಪ, ಅದು ಮರದಿಂದ ಕೇಳುವುದು ಕೂರಲು ಜಾಗ ಮಾತ್ರ.

ಆದರೆ ಹೈಬ್ರಿಡ್ಡನ್ನು ಹಳಿಯುವ ಅತ್ತೆಯ ಬೆಳಗಿನ ಲೋಟದಲ್ಲಿರುವುದೇನು? 1925ರಲ್ಲಿ ಶುರುವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಕೂಸುಗಳು. ಎಸ್.795 ತಳಿಯ ವಂಶದಲ್ಲಿ ಅರೇಬಿಕಾದ ಜೊತೆ ಲೈಬೀರಿಕಾ ಬೆರೆತಿದೆ. 2007ರಲ್ಲಿ ಬಂದ ಚಂದ್ರಗಿರಿಯಂತೂ ಅಪ್ಪಟ ಕುಳ್ಳ: ಗಿಡ್ಡ ತಳಿಯಾದ ವಿಲ್ಲಾ ಸಾರ್ಚಿಗೂ, ಎಲೆ ತುಕ್ಕನ್ನು ತಡೆಯಬಲ್ಲ ಟಿಮೋರ್ ಹೈಬ್ರಿಡ್ಡಿಗೂ ಗಂಟು ಹಾಕಿದ್ದು. ತೋಟಕ್ಕೆ ಕುಳ್ಳ ಗಿಡ ಬೇಕು, ಕುಯ್ಯಲು ಸಲೀಸು. ಜಗಲಿಗೆ ಬಂದರೆ ಮೂಗು ಮುರಿಯುವುದು ಯಾವ ನ್ಯಾಯ?

ಆರ್ಕಿಡ್‌ಗಳ ಬೆರಕೆಗೂ ನಮಗೂ ಹಳೆಯ ನೆಂಟಸ್ತಿಕೆಯಿದೆ. ಮನುಷ್ಯ ಬೆರೆಸಿದ ಮೊದಲ ಆರ್ಕಿಡ್ ಹೂ ಬಿಟ್ಟದ್ದು 1856ರಲ್ಲಿ, ಇಂಗ್ಲೆಂಡಿನ ಎಕ್ಸೆಟರ್‌ನ ವೀಚ್ ನರ್ಸರಿಯಲ್ಲಿ. ಜಾನ್ ಹ್ಯಾರಿಸ್ ಎಂಬ ಶಸ್ತ್ರವೈದ್ಯರು ದಾರಿ ತೋರಿಸಿದರು, ಜಾನ್ ಡಾಮಿನಿ ಎಂಬ ತೋಟಗಾರ ಪರಾಗ ಮುಟ್ಟಿಸಿದ. ಬೆರೆಸಿದ್ದು ಎರಡು ಕ್ಯಾಲಾಂಥೆಗಳನ್ನು, ಒಂದು ನೇರಳೆ, ಒಂದು ಬಿಳಿ. ಎರಡೂ ನಮ್ಮ ಪಶ್ಚಿಮ ಘಟ್ಟದ ನೆರಳಿನ ನೆಲದಲ್ಲಿ ಬೆಳೆಯುವ ಜಾತಿಗಳೇ. ಡಾಮಿನಿಯ ಕೈಗೆ ಸಿಕ್ಕ ಗಿಡಗಳು ಬೇರೆ ಊರಿನವಿರಬಹುದು, ಕುಲವಂತೂ ಒಂದೇ. ಆದರೆ ಧೂಳಿನಂಥ ಆರ್ಕಿಡ್ ಬೀಜದಲ್ಲಿ ಮೊಳಕೆಗೆ ಬೇಕಾದ ಬುತ್ತಿಯೇ ಇರುವುದಿಲ್ಲ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಸಕ್ಕರೆ ಬೆರೆಸಿದ ಅಗರ್ ಮೇಲೆ ಅದನ್ನು ಮೊಳೆಯಿಸಿದ ಮೇಲೆಯೇ ಸಿರಿವಂತರ ಗಾಜಿನ ಮನೆಯ ಹೂ ನಮ್ಮಂಥವರ ಜಗಲಿಗೆ ಇಳಿಯುವ ದಾರಿ ತೆರೆದದ್ದು.

ನನ್ನ ಕುಂಡಗಳಲ್ಲಿರುವ ಫೆಲನಾಪ್ಸಿಸ್ ಎಂಬ ಕುಳ್ಳ ಆರ್ಕಿಡ್‌ಗಳಿಗೆ ಮಣ್ಣು ಸೋಕಿಸುವಂತಿಲ್ಲ. ಇದ್ದಿಲು, ತೆಂಗಿನ ಸಿಪ್ಪೆಯ ತುಂಡು ಸಾಕು. ಬೇರು ಬೂದುಬಣ್ಣಕ್ಕೆ ತಿರುಗಿದರೆ ನೀರು, ಹಸಿರಾಗಿದ್ದರೆ ಸುಮ್ಮನಿರಬೇಕು. ಬೇರಿನ ಹೊರಪದರ ನೀರು ಹೀರಿದಾಗ ಒಳಗಿನ ಹಸಿರು ಕಾಣುತ್ತದೆ, ಅಷ್ಟೇ ಗುಟ್ಟು. ಇಲ್ಲಿನ ಪೀಕಲಾಟ ನೀರು ಹಾಕುವುದಲ್ಲ, ತಪ್ಪಿಸುವುದು. ಆಷಾಢದ ಇರಿಚಲಿಗೆ ಸುಳಿಯಲ್ಲಿ ನೀರು ನಿಂತರೆ ಗಿಡ ಕೊಳೆಯಿತೆಂದೇ ಲೆಕ್ಕ. ಕಾಡಿನಲ್ಲಿ ಇವು ಕೊಂಬೆಗೆ ಓರೆಯಾಗಿ ಅಂಟಿಕೊಂಡಿರುವುದರಿಂದ ನೀರು ಜಾರಿ ಹೋಗುತ್ತದೆ. ಹಾಗಾಗಿ ನಾನೂ ಕೆಲವನ್ನು ಒಣಗಿದ ಕಾಫಿ ಬೊಡ್ಡೆಗೆ ಓರೆಯಾಗಿ ಕಟ್ಟಿದ್ದೇನೆ. ರಾತ್ರಿ ಬ್ಯಾಟರಿ ಹಿಡಿದು ಬಸವನಹುಳು ಆರಿಸುವುದು ಬೇರೆ. ಕಾಫಿ ಕುಯ್ಲಿನ ದಿನಗಳ ಚಳಿ ಕೆಲವು ವಾರ ಬಡಿದರೆ ಹೂದಂಟು ತಾನೇ ಹೊರಡುತ್ತದೆ. ಅರಳಿದ ಹೂ ತಿಂಗಳುಗಟ್ಟಲೆ ನಿಲ್ಲುತ್ತದೆ.

ವಾಸನೆಯ ದೂರಿಗೆ ಉತ್ತರವಾಗಿ ‘ಲೂ ಸ್ನಿಯರಿ’ ಎಂಬ ಬೆರಕೆ ಆರ್ಕಿಡ್ಡನ್ನು ತಂದೆ. ಇದರ ಒಂದು ಕಡೆಯವರು ಜಪಾನಿನವರು, ಇನ್ನೊಂದು ಕಡೆಯವರು ಥಾಯ್ಲೆಂಡಿನ ರಿಂಕೋಸ್ಟೈಲಿಸ್, ಅಂದರೆ ನಮ್ಮ ಸೀತಾಳೆಯ ದಾಯಾದಿ. ಹೂ ಬಿಟ್ಟಾಗ ಪರಿಮಳ ಅಡುಗೆಮನೆವರೆಗೂ ಬಂತು. ಅತ್ತೆ ಹೊರಬಂದು ಮೂಸಿದರು, ಬಾಯಿಬಿಟ್ಟು ಹೊಗಳಲಿಲ್ಲ.

“ಎಷ್ಟು ಕೊಟ್ಟೆ ಇದಕ್ಕೆ?”

ಹೇಳಿದೆ. ಅವರು ಅದನ್ನು ಆಗಲೇ ಕಾಫಿ ಚೆರ್ರಿಯ ಲೆಕ್ಕಕ್ಕೆ ಇಳಿಸಿ, ಎಷ್ಟು ಕೆಜಿ ಆಯಿತೆಂದು ಮಾವನನ್ನು ಕೂಗಿ ಕರೆದು ಹೇಳಿದರು.