ಮರೆತ ಜಾಡಿಯ ಹುಳಿ

ಹುಳಿಯಾದದ್ದೆಲ್ಲ ಕೆಟ್ಟದ್ದಲ್ಲ ಎಂಬುದನ್ನು ನಮ್ಮ ಹಾಸನದ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೊಸರು, ರಾತ್ರಿಯೆಲ್ಲ ಉಬ್ಬಿ ಪಾತ್ರೆಯ ಅಂಚಿಗೆ ಬರುವ ದೋಸೆಹಿಟ್ಟು, ಬೇಸಿಗೆಯ ರಾಗಿ ಅಂಬಲಿ ಎಲ್ಲವೂ ಹುಳಿಯ ಕೃಪೆಯೇ. ಈ ಸಾಲಿಗೆ ತೀರ ತಡವಾಗಿ ಬಂದು ಸೇರಿದ್ದು ಚೀನಾ, ರಷ್ಯಾಗಳನ್ನು ಸುತ್ತಿಬಂದ ಕೊಂಬುಚಾ ಎಂಬ ಹುಳಿ ಚಹಾ. ಹೊಸದಾಗಿ ಅದನ್ನು ಮಾಡುವುದಕ್ಕಿಂತ, ಯಾರೋ ಮರೆತುಬಿಟ್ಟ ಜಾಡಿಯನ್ನು ಮತ್ತೆ ಬದುಕಿಸುವುದರಲ್ಲೇ ನನಗೆ ಹೆಚ್ಚು ಖುಷಿ.

ಹೊಳೆನರಸೀಪುರದ ಅಕ್ಕ ಮಗಳ ಬಾಣಂತನಕ್ಕೆಂದು ಬೆಂಗಳೂರಿಗೆ ಹೋದವಳು ತಿಂಗಳುಗಟ್ಟಲೆ ಅಲ್ಲೇ ಉಳಿದಳು. ವಾಪಸು ಬಂದವಳೇ ಫೋನ್ ಮಾಡಿ, “ನೋಡೇ, ಆ ಚಹಾ ಜಾಡಿ ಮೂಗು ಸುಡೋ ಹಾಗಿದೆ. ಕರಿಬೇವಿನ ಬುಡಕ್ಕೆ ಸುರಿದ್ಬಿಡ್ಲಾ?” ಎಂದಳು. “ಬೇಡಕ್ಕ, ಮುಟ್ಟಬೇಡ, ನಾನೇ ಬರ್ತೀನಿ” ಎಂದೆ.

ಹೋಗಿ, ಜಾಡಿಯ ಬಾಯಿಗೆ ಕಟ್ಟಿದ ಹಳೇ ಪಂಚೆಯ ತುಂಡು ಬಿಚ್ಚಿದೆ. ನೀರು ಆರಿ ಅರ್ಧಕ್ಕಿಳಿದಿತ್ತು. ಮೇಲೆ ಪದರದ ಮೇಲೆ ಪದರ ಕಟ್ಟಿದ ಸ್ಕೋಬಿ ಎಂಬ ಬಿಲ್ಲೆ, ಮೇಲ್ಭಾಗ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಅದರ ಅಡಿಯಿಂದ ಕಂದು ಎಳೆಗಳು ಇಳಿಬಿದ್ದಿದ್ದವು. ತಳದಲ್ಲಿ ಬೆರಳು ದಪ್ಪದ ಮಡ್ಡಿ. ನೋಡಿದವರಿಗೆ ವಾಕರಿಕೆ ಬರುವಂಥದ್ದೇ. ಆದರೆ ಬೂಷ್ಟು ಒಂದು ಚುಕ್ಕಿಯೂ ಇರಲಿಲ್ಲ.

ಇರದಿರುವುದಕ್ಕೆ ಕಾರಣವಿದೆ. ಯೀಸ್ಟ್ ಸಕ್ಕರೆಯನ್ನು ಒಡೆದು ಆಲ್ಕೊಹಾಲ್ ಮಾಡುತ್ತದೆ, ಬ್ಯಾಕ್ಟೀರಿಯಾ ಅದನ್ನು ಅಸಿಟಿಕ್ ಆಮ್ಲವಾಗಿಸುತ್ತದೆ. ಆ ಆಮ್ಲವೇ ಜಾಡಿಯ ಕಾವಲು. ಸಕ್ಕರೆ ಮುಗಿದ ಮೇಲೆ ಯೀಸ್ಟ್ ತಳ ಸೇರಿ ಸುಮ್ಮನಾಗುತ್ತದೆ, ಪೂರ್ತಿ ಸಾಯುವುದು ಅಪರೂಪ. ಎಲ್ಲರೂ ಜತನ ಮಾಡುವುದು ಮೇಲಿನ ಬಿಲ್ಲೆಯನ್ನು. ಅದು ಬ್ಯಾಕ್ಟೀರಿಯಾ ನೇಯ್ದ ಸೆಲ್ಯುಲೋಸ್, ಹೋದರೂ ಮತ್ತೆ ಕಟ್ಟಿಕೊಳ್ಳುತ್ತದೆ. ಮೊಸರಿಗೆ ಹೆಪ್ಪು ಇದ್ದಂತೆ, ಕೊಂಬುಚಾಕ್ಕೆ ಆ ಹುಳಿನೀರೇ ಹೆಪ್ಪು.

ಒಣಗಿದ ಮೇಲ್ಪದರಗಳನ್ನು ತೆಗೆದು ಗೊಬ್ಬರದ ಗುಂಡಿಗೆ ಹಾಕಿದೆ. ತಳದ ಪದರ ಒಂದನ್ನೂ, ಮಡ್ಡಿ ಕಲಕಿದ ಹುಳಿನೀರನ್ನೂ ಇಟ್ಟುಕೊಂಡು ನಮ್ಮ ಮನೆಗೆ ತಂದೆ. ಸಾಮಾನ್ಯವಾಗಿ 1 ಲೀಟರ್ ಚಹಾಕ್ಕೆ 100 ಮಿ.ಲೀ. ಹುಳಿನೀರು ಸಾಕು. ಸೊರಗಿದ ಜಾಡಿಗೆ ಮಾತ್ರ ಧಾರಾಳವಾಗಿ ಹಾಕಬೇಕು, ಮೂರರಲ್ಲಿ ಒಂದು ಪಾಲಾದರೂ. ಚನ್ನರಾಯಪಟ್ಟಣದ ನೆಂಟರು ಕಳಿಸಿದ ಬೆಲ್ಲ ಮನೆಯಲ್ಲಿತ್ತು. ಆದರೆ ಬಳಲಿದ ಜೀವಕ್ಕೆ ಬಿಳಿ ಸಕ್ಕರೆ ಸಲೀಸು, ಲೀಟರಿಗೆ 80 ಗ್ರಾಂನಷ್ಟು. ಹಾಲು, ಏಲಕ್ಕಿ ಏನೂ ಇಲ್ಲದ ಕಪ್ಪು ಚಹಾ ಪೂರ್ತಿ ತಣ್ಣಗಾದ ಮೇಲೆ ಬೆರೆಸಿದೆ. ಗಾಜಿನ ಜಾಡಿಯೇ ಆಗಬೇಕು, ಹಿತ್ತಾಳೆ ತಾಮ್ರದ ಹತ್ತಿರ ಈ ಹುಳಿ ಸುಳಿಯಬಾರದು.

ಆಮೇಲೆ ಕಾಯುವುದು. ಹಾಸನದ ಮಾಗಿಯಲ್ಲಿ ಅದು ಉದ್ದದ ಕೆಲಸ. ಕೊಂಬುಚಾಕ್ಕೆ ಹಿತವಾದದ್ದು 24ರಿಂದ 28 ಡಿಗ್ರಿ, ನಮ್ಮ ಮಾರ್ಗಶಿರದ ರಾತ್ರಿಗಳು ಅಷ್ಟು ಉದಾರಿಗಳಲ್ಲ. ಒಲೆಯ ಪಕ್ಕದ ಗೂಡಿನಲ್ಲಿ ಜಾಡಿ ಇಟ್ಟೆ. ಬೆಳಿಗ್ಗೆ ಎದ್ದು ಕಾಫಿಗೆ ನೀರಿಡುವ ಮೊದಲು ಅದನ್ನೇ ನೋಡುತ್ತಿದ್ದೆ. ಒಂದು ದಿನ ಅಂಚಿನಲ್ಲಿ ಸಣ್ಣ ಗುಳ್ಳೆಗಳು. ಮತ್ತೆ ಕೆಲವು ದಿನಕ್ಕೆ ನೀರಿನ ಮೇಲೆ ಮಂಜುಮಂಜಾದ ತೆಳ್ಳನೆಯ ಪೊರೆ, ಜಾಡಿ ಓರೆ ಮಾಡಿದರೆ ಬೆಳಕಿಗೆ ಮಾತ್ರ ಕಾಣುವಷ್ಟು. ಆ ಸಂತೋಷಕ್ಕೆ ಬೇರೆ ಸಾಟಿ ನನಗೆ ಗೊತ್ತಿಲ್ಲ.

ಮೊದಲ ಪಾಕವನ್ನು ಕುಡಿಯದೆ ಮುಂದಿನದಕ್ಕೆ ಹೆಪ್ಪು ಮಾಡಿದೆ. ಎರಡನೆಯದಕ್ಕೆ ಸಿಹಿ ಹುಳಿಗಳ ಹದ ಬಂತು. ಅರಕಲಗೂಡಿನ ಸಂತೆಯಿಂದ ತಂದ ಹಸಿಶುಂಠಿ ಜಜ್ಜಿ ಬಾಟಲಿಗೆ ಹಾಕಿ ಮುಚ್ಚಿಟ್ಟೆ. ಮುಚ್ಚಳವನ್ನು ದಿನಕ್ಕೊಮ್ಮೆ ಸಡಿಲಿಸಲೇಬೇಕು, ಗ್ಯಾಸ್ ಕಟ್ಟಿದರೆ ಬಾಟಲಿ ಒಡೆಯುತ್ತದೆ. ಅಕ್ಕನಿಗೆ ಒಂದು ಬಾಟಲಿ ಕಳಿಸಿದೆ. “ಮಗಳಿಗೆ ಕೊಡಬೇಡ, ಬಸುರಿ ಬಾಣಂತಿಯರಿಗೆ ಇದು ಬೇಡ” ಎಂದು ಹೇಳಿಯೇ ಕಳಿಸಿದೆ.

ನಿಮ್ಮ ಮನೆಯಲ್ಲೂ ಇಂಥ ಮರೆತ ಜಾಡಿ ಇದ್ದರೆ ಬೆಳಕಿಗೆ ಹಿಡಿದು ನೋಡಿ. ಹಸಿರು, ನೀಲಿ, ಕಪ್ಪು ಬಣ್ಣದ ಒಣ ಬೂಷ್ಟು ಕಂಡರೆ ಬಿಲ್ಲೆ, ನೀರು ಎರಡನ್ನೂ ಚೆಲ್ಲಿಬಿಡಿ. ಬರೀ ಹುಳಿ ಹೆಚ್ಚಾಗಿದ್ದರೆ ಮಾತ್ರ ದಯವಿಟ್ಟು ಚೆಲ್ಲಬೇಡಿ, ಒಂದು ಲೋಟ ಸಿಹಿ ಚಹಾ ಕೊಟ್ಟು ನೋಡಿ.