ಟೈಲ್ಸ್ ಹಿಂದಿನ ಗೋಡೆ

ಅಮ್ಮ ಬೇಸಿಗೆಗೆ ನ್ಯೂಜೆರ್ಸಿಗೆ ಬರುವವಳಿದ್ದಳು. ಹೋದ ವರ್ಷ ತೀರ್ಥಹಳ್ಳಿಯ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಎರಡು ತಿಂಗಳು ಹಾಸಿಗೆ ಹಿಡಿದಿದ್ದಳು. ಇಲ್ಲಿನ ಶವರಿನ ಗೋಡೆಗೊಂದು ಸ್ಟೀಲ್ ಹಿಡಿಕೆ ಹಾಕಿಬಿಡೋಣ ಎಂದು ಡ್ರಿಲ್ ಇಟ್ಟೆ. ಟೈಲ್ ಒಳಕ್ಕೆ ಕುಸಿಯಿತು. ಹಿಂದಿನ ಗೋಡೆ ನೆನೆದ ಅವಲಕ್ಕಿಯ ಹಾಗೆ ಬೆರಳಿಗೇ ಉದುರುತ್ತಿತ್ತು. ಒಳಗೆಲ್ಲ ಕಪ್ಪು ಬೂಷ್ಟು.

ಅಮೆರಿಕದ ಬಹಳಷ್ಟು ಮನೆಗಳಿಗೆ ಇಟ್ಟಿಗೆಯ ಗೋಡೆಯಿಲ್ಲ. ಸಾಮಾನ್ಯವಾಗಿ 16 ಇಂಚಿಗೊಂದು ಮರದ ಕಂಬ ನಿಲ್ಲಿಸಿ, ಎರಡು ಕಾಗದಗಳ ನಡುವೆ ಜಿಪ್ಸಮ್ ಇರುವ ಹಲಗೆಯನ್ನು ಅದಕ್ಕೆ ಬಡಿಯುತ್ತಾರೆ. ಬಚ್ಚಲಿಗೆ ಅದೇ ಹಲಗೆ, ತೇವ ತಡೆಯಲೆಂದು ಹಸಿರು ಕಾಗದ ಹೊದ್ದದ್ದು. ಶವರಿನಲ್ಲೂ ಅದರ ಮೇಲೆ ದಶಕಗಟ್ಟಲೆ ಟೈಲ್ಸ್ ಅಂಟಿಸಿದರು. 2006ರ ವಸತಿ ಕಟ್ಟಡಗಳ ಮಾದರಿ ನಿಯಮಾವಳಿ ಅದನ್ನು ಕೈಬಿಟ್ಟಿತು. ನಮ್ಮ ಮನೆ ಅದಕ್ಕೂ ಹಳೆಯದು.

"ಇಷ್ಟು ವರ್ಷ ಕಾಗದದ ಗೋಡೆ ಮುಂದೆ ನಿಂತು ಸ್ನಾನ ಮಾಡ್ತಿದ್ಯೇನೋ?" ಫೋನಿನಲ್ಲಿ ಅಮ್ಮ ನಕ್ಕಳು.

ಅಂಗಡಿಯಲ್ಲಿ ಎರಡು ಆಯ್ಕೆಗಳಿದ್ದವು. ಒಂದು, ಹಗುರಾದ, ತಾನೇ ನೀರು ತಡೆಯುವ ಫೋಮ್ ಬೋರ್ಡ್, ಬೆಲೆ ಹೆಚ್ಚು. ಇನ್ನೊಂದು, ಗಾಜಿನ ನಾರಿನ ಬಲೆಯಿರುವ ಭಾರದ ಸಿಮೆಂಟ್ ಬೋರ್ಡ್. ಸಿಮೆಂಟ್ ಎಂದಕೂಡಲೇ ನನಗೆ ಊರಿನ ಗಾರೆಯ ಧೈರ್ಯ ಬಂತು. ಅಂಗಡಿಯವನು ತಲೆಯಾಡಿಸಿದ. ಟೈಲ್ಸ್ ಸಂದಿಯ ಗ್ರೌಟ್ ನೀರನ್ನು ಒಳಗೆ ಬಿಡುತ್ತದೆ, ಸಿಮೆಂಟ್ ಬೋರ್ಡೂ ಬಿಡುತ್ತದೆ. ಅದು ಕೊಳೆಯುವುದಿಲ್ಲ ಅಷ್ಟೆ. ಮರದ ಕಂಬಕ್ಕೆ ನೀರು ಮುಟ್ಟದಿರಲು ಬೋರ್ಡಿನ ಮೇಲೆ ರಬ್ಬರಿನಂಥ ಲೇಪವನ್ನು ಎರಡು ಸಲ ಬಳಿಯಬೇಕು. ಎರಡನ್ನೂ ಕೊಂಡೆ.

ಆದರೆ ಅಮ್ಮನ ಭಾರವನ್ನು ಯಾವ ಬೋರ್ಡೂ ಹೊರಲಾರದು. ಇಲ್ಲಿನ ಸಾರ್ವಜನಿಕ ಶೌಚಾಲಯಗಳ ಹಿಡಿಕೆ 250 ಪೌಂಡ್, ಅಂದರೆ ಸುಮಾರು 113 ಕಿಲೋ, ತಡೆಯಬೇಕೆಂಬ ಮಾನದಂಡವಿದೆ. ಅಷ್ಟು ಬಲ ಬೇಕೆಂದರೆ ಗೋಡೆ ಮುಚ್ಚುವ ಮೊದಲೇ ಕಂಬಗಳ ನಡುವೆ ಅಡ್ಡಹಲಗೆ ಕೂರಿಸಬೇಕು. ಎಷ್ಟು ಎತ್ತರದಲ್ಲಿ? ಮಾನದಂಡದಲ್ಲಿ 33ರಿಂದ 36 ಇಂಚು ಎಂದಿದೆ. ಅಮ್ಮ ಗಿಡ್ಡ. ಗೋಡೆ ಪಕ್ಕ ನಿಂತು ಕೈ ಎಲ್ಲಿಗೆ ಬರುತ್ತೆ ನೋಡಮ್ಮ ಎಂದೆ.

"ನಾಲ್ಕು ಗೇಣು" ಎಂದಳು.

ಅವಳ ಗೇಣು ಎಷ್ಟುದ್ದ? ದಿನಾ ನನ್ನ ತಲೆ ಸವರಿದ ಕೈ ಅದು. ಈಗ ಅದರ ಅಳತೆ ನನಗೆ ಗೊತ್ತಿರಲಿಲ್ಲ. ಐದು ವರ್ಷದಿಂದ ಊರಿಗೆ ಹೋಗಿರಲಿಲ್ಲ.

ಕೊನೆಗೆ ಸುಮಾರು 9 ಇಂಚು ಅಗಲದ ಎರಡು ಹಲಗೆಗಳನ್ನು ಒಂದರ ಮೇಲೊಂದು ಬಿಗಿದೆ. ಅವಳ ಕೈ ಎಲ್ಲಿಗೆ ಬಂದರೂ ಹಿಂದೆ ಮರ ಸಿಗಲಿ ಎಂದು. ಅಳತೆಪಟ್ಟಿ ಇಟ್ಟು ಫೋಟೋ ತೆಗೆದುಕೊಂಡು ಬೋರ್ಡ್ ಮುಚ್ಚಿದೆ. ಲೇಪ ಬಳಿದೆ, ಟೈಲ್ಸ್ ಅಂಟಿಸಿದೆ. ಹಿಡಿಕೆ ಮಾತ್ರ ಡಬ್ಬಿಯಲ್ಲೇ ಉಳಿಯಿತು.

ಅಮ್ಮ ಬಂದ ಮರುದಿನ ಅವಳನ್ನು ಶವರಿನಲ್ಲಿ ನಿಲ್ಲಿಸಿ, ಕೈಯಿಟ್ಟ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿದೆ. 31 ಇಂಚು. ರಂಧ್ರಕ್ಕೆ ಸಿಲಿಕಾನ್ ತುಂಬಿ ಸ್ಕ್ರೂ ತಿರುಗಿಸಿದೆ; ಕೊನೆಯ ಸುತ್ತುಗಳಲ್ಲಿ ಮರ ಕಚ್ಚಿದ್ದು ಕೈಗೆ ತಿಳಿಯಿತು.

ಅಮ್ಮ ಹಿಡಿಕೆ ಹಿಡಿದು ಎರಡು ಸಲ ಜಗ್ಗಿ ನೋಡಿದಳು. "ಸರಿ, ನೀ ಹೊರಗೆ ಹೋಗು, ನಾ ಸ್ನಾನ ಮಾಡ್ತೀನಿ" ಎಂದಳು.